ತಾಕಿಯಾಳ ಮೊದಲ ಸಾಲು

ಈಗ ನಮ್ಮ ಇಸಬೆಲಾ ಪ್ರಾಂತ್ಯದಲ್ಲಿ ಮುಸುಕಿನ ಜೋಳ ಬಿತ್ತುವುದಕ್ಕೆ ಮನುಷ್ಯರ ಮುಖ ಬೇಕಾಗಿಲ್ಲ. ಯಂತ್ರ ಬರುತ್ತದೆ, ಗಡಗಡ ಅನ್ನುತ್ತದೆ, ಊಟದ ಹೊತ್ತಿಗೆ ಹೊಲ ಮುಗಿದಿರುತ್ತದೆ. ಬೆಳೆದ ಹಳದಿ ಜೋಳವನ್ನು ಹೆದ್ದಾರಿಯ ಅರ್ಧ ಅಗಲಕ್ಕೆ ಹರವಿ ಒಣಗಿಸುತ್ತಾರೆ. ಬಸ್ಸಿನವರು ಬೈದುಕೊಂಡು ಉಳಿದರ್ಧದಲ್ಲಿ ಹೋಗುತ್ತಾರೆ. ಆಮೇಲೆ ಲಾರಿಯಲ್ಲಿ ಮನಿಲಾ ಕಡೆಗೆ, ಕೋಳಿ ಹಂದಿಗಳ ಹೊಟ್ಟೆಗೆ. ಬೆಳೆದವರು ಒಂದು ಕಾಳನ್ನೂ ಬಾಯಿಗೆ ಹಾಕುವುದಿಲ್ಲ. ಇದೇ ಚೆನ್ನಾಗಿದೆಯಂತೆ. ಇರಲಿ ಬಿಡಿ. ನಾನು ಕಿಟಕಿಯಲ್ಲಿ ಕೂತು ಗೊಣಗುವ ಮುದುಕಿ, ನನ್ನ ಮಾತು ಯಾರಿಗೆ ಬೇಕು? ಆದರೂ ಬಿತ್ತನೆಯ ದಿನ ಬಂದರೆ ನನಗೆ ತಾಕಿಯಾ ನೆನಪಾಗುತ್ತಾಳೆ, ಕಣ್ಣು ಒದ್ದೆಯಾಗುತ್ತದೆ.

ತಾಕಿಯಾ ನನ್ನ ವಾರಗಿತ್ತಿ. ನನ್ನ ಗಂಡನ ಅಣ್ಣ ಮೆಲಿತೋನನ ಹೆಂಡತಿ. ಚರ್ಚಿನಲ್ಲಿ ಇಟ್ಟ ಹೆಸರು ಯುಸ್ತಾಕಿಯಾ, ಆದರೆ ಅಷ್ಟುದ್ದ ಕರೆಯಲು ಯಾರಿಗೆ ಪುರುಸೊತ್ತು? ನಾನು ಹಿರಿಯಕ್ಕನನ್ನು ಕರೆಯುವ ಹಾಗೆ ಮನಾಂಗ್ ಅನ್ನುತ್ತಿದ್ದೆ. ವಾರಗಿತ್ತಿಯರು ಒಂದೇ ಅಂಗಳದಲ್ಲಿದ್ದರೆ ಜಗಳ ತಪ್ಪಿದ್ದಲ್ಲ. ನಾವೂ ಆಡಿದ್ದೇವೆ, ಕೋಳಿಗಾಗಿ, ಸೌದೆಗಾಗಿ, ಏನೂ ಇಲ್ಲದ್ದಕ್ಕಾಗಿ. ಆದರೆ ಅವಳು ಜಗಳದ ನಡುವೆಯೇ ನಕ್ಕುಬಿಡುತ್ತಿದ್ದಳು. ಎಂಥ ನಗು ಅಂತೀರಿ! ಒಸಡಿನಿಂದ ಒಸಡಿಗೆ ಒಂದು ಸಂದಿಲ್ಲದ ಹಲ್ಲು, ಬೆಳ್ಳಗೆ, ಜೋಡಿಸಿಟ್ಟ ಹಾಗೆ. ಆ ನಗುವಿನ ಎದುರು ಸಿಟ್ಟು ಹಿಡಿದಿಟ್ಟುಕೊಳ್ಳುವುದು ನನ್ನಿಂದ ಆಗುತ್ತಿರಲಿಲ್ಲ, ಅದಕ್ಕೇ ಇನ್ನಷ್ಟು ಸಿಟ್ಟು ಬರುತ್ತಿತ್ತು.

ನಮ್ಮ ಊರು ದೊಡ್ಡ ಹೊಳೆಯ ಮೂಡಣ ದಡದಲ್ಲಿದೆ. ಬೆನ್ನ ಹಿಂದೆ ಸಿಯೆರಾ ಮಾದ್ರೆ ಬೆಟ್ಟ, ಅದರಾಚೆ ಸಮುದ್ರ. ಅದೂ ನಮ್ಮ ಇಸಬೆಲಾದ್ದೇ ಅನ್ನುತ್ತಾರೆ, ನೋಡಿ ಬಂದವರು ನಮ್ಮಲ್ಲಿ ಯಾರೂ ಇಲ್ಲ. ಆಚೆ ದಡದವರಿಗೆ ಕಾಲುವೆ ನೀರು ಬಂತು, ಅವರು ವರ್ಷಕ್ಕೆ ಎರಡು ಸಲ ಭತ್ತ ಬೆಳೆದು ಮೀಸೆ ತಿರುವಿದರು. ದಿಣ್ಣೆಯ ಮೇಲಿನವರು ಹೊಗೆಸೊಪ್ಪು ಹಾಕಿದರು. ನಮಗೆ ಉಳಿದದ್ದು ಹೊಳೆಯಂಚಿನ ಬಯಲು. ಅಕ್ಟೋಬರಿನ ಚಂಡಮಾರುತಕ್ಕೆ ಹೊಳೆ ಉಕ್ಕಿ ಬಯಲನ್ನೆಲ್ಲ ನುಂಗುತ್ತಿತ್ತು. ನಾವು ಕೋಣ, ಕೋಳಿ, ಅಕ್ಕಿ ಮಡಕೆ ಹೊತ್ತು ದಿಣ್ಣೆಯ ಚರ್ಚಿಗೆ ಓಡುತ್ತಿದ್ದೆವು. ಹೊಳೆ ಒಬ್ಬರ ಹೊಲವನ್ನು ಇಲ್ಲಿ ಕಚ್ಚಿಕೊಂಡು ಹೋಗಿ ಆಚೆ ದಡದವರಿಗೆ ಕೊಟ್ಟದ್ದೂ ಉಂಟು. ಆದರೆ ಇಳಿಯುವಾಗ ಬಯಲಿಗೆಲ್ಲ ಹೊಸ ಮೆಕ್ಕಲು ಹಾಸಿ ಹೋಗುತ್ತಿತ್ತು. ಗೊಬ್ಬರ ಬೇಡ, ಏನೂ ಬೇಡ. ಸತ್ತವರ ದಿನಕ್ಕೆ ಸಮಾಧಿಗಳಿಗೆ ದೀಪ ಹಚ್ಚಿ ಬಂದ ಮೇಲೆ ದಿನಾ ಬೆಳಿಗ್ಗೆ ಹೊಲಕ್ಕಿಳಿದು ನೋಡುವುದೇ ಕೆಲಸ. ಹಿಮ್ಮಡಿ ಮುಳುಗಬೇಕು, ಮೊಣಕಾಲು ಮುಳುಗಬಾರದು, ಅದು ಹದ. ಆ ಹದ ಕೆಲವೇ ದಿನ ನಿಲ್ಲುತ್ತದೆ. ಆಮೇಲೆ ಬಿಸಿಲಿಗೆ ಮಣ್ಣು ಹೆಂಚಾಗಿ, ಕಾಳು ಒಳಗೇ ಸಾಯುತ್ತದೆ.

ಆಗ ನಾವು ಬಿತ್ತುತ್ತಿದ್ದದ್ದು ಬಿಳಿ ಜೋಳ, ತಿನ್ನುವ ಜೋಳ. ಅನ್ನಕ್ಕೆ ಅದರ ನುಚ್ಚು ಬೆರೆಸುತ್ತಿದ್ದೆವು, ಅದನ್ನೇ ಕಪ್ಪಗೆ ಹುರಿದು ಕಾಫಿ ಕಾಸುತ್ತಿದ್ದೆವು. ಅದಕ್ಕೆ ಒಂದು ಕಟ್ಟಳೆ ಇತ್ತು. ಮೊದಲ ಸಾಲು ಬಿತ್ತುವವರ ಬಾಯಿ ಹೇಗೋ ತೆನೆಯೂ ಹಾಗೆ. ಬಾಯಿ ತುಂಬ ಹಲ್ಲಿದ್ದವರು ಮಣ್ಣಿಗೆ ಹಲ್ಲು ತೋರಿಸಿ ನಗುತ್ತ ಬಿತ್ತಿದರೆ ತೆನೆ ತುದಿಯವರೆಗೆ ತುಂಬುತ್ತದೆ. ಹಲ್ಲುದುರಿದವರು ಬಿತ್ತಿದರೆ ತೆನೆಯಲ್ಲೂ ಅಲ್ಲಲ್ಲಿ ಬೊಕ್ಕು. ಬಿತ್ತನೆಯ ದಿನ ಬೊಚ್ಚು ಬಾಯಿಯವರು ಹೊಲದ ಬದುವಿನ ಹತ್ತಿರವೂ ಸುಳಿಯುವಂತಿರಲಿಲ್ಲ. ನಮ್ಮ ಮಾವ ಅಪೋ ಗೊರ್ಯೋ ಒಂದು ಕಾಲಕ್ಕೆ ಊರಿನ ಒಳ್ಳೆಯ ಉಳುವವನು. ಹಲ್ಲು ಹೋದ ಮೇಲೆ ಬಿತ್ತನೆಯ ದಿನ ಅವನನ್ನು ಅಡುಗೆಮನೆಯಲ್ಲಿ ಕೂರಿಸುತ್ತಿದ್ದೆವು. ಅವನು ಒಲೆ ಊದುತ್ತ ಕೂತು, "ನಾನ್ ಉತ್ತ ನೆಲ, ನನಗೇ ನೋಡೋಕೆ ಇಲ್ಲ. ಥೂ, ನಿಮ್ಮ ಮನೆ ಹಾಳಾಗ," ಎಂದು ಬೈಯುತ್ತಿದ್ದ.

ಮೆಲಿತೋನನಿಗೆ ಹೆಣ್ಣು ನೋಡುವಾಗ ನಮ್ಮ ಅತ್ತೆ ಮೊದಲು ನೋಡಿದ್ದೇ ಬಾಯಿಯಂತೆ. ತಾಕಿಯಾ ನದಿಯಾಚೆಯ ಬಡವರ ಮನೆಯವಳು, ತರುವುದಕ್ಕೆ ಒಂದು ಕೋಳಿಮರಿಯೂ ಇರಲಿಲ್ಲ. ಅತ್ತೆ ಮುಖ ಗಂಟಿಕ್ಕಿಕೊಂಡು ಹೋಗಿದ್ದವಳು, ಹುಡುಗಿ ನಕ್ಕದ್ದು ನೋಡಿ ಸುಮ್ಮನಾದಳಂತೆ. ಮದುವೆಯಾದ ವರ್ಷವೇ ನಮ್ಮ ಹೊಲದ ಮೊದಲ ಸಾಲು ಅವಳ ಕೈಗೆ ಬಂತು. ತೆನೆ ತುಂಬಿತು. ಮರುವರ್ಷ ಪಕ್ಕದ ಮನೆಯ ಡೆಲ್ಫಿನಾ ಕರೆದಳು, ಅದರ ಮರುವರ್ಷ ಇಡೀ ಬಯಲಿನವರು. ಬಿತ್ತನೆಯ ಹಿಂದಿನ ದಿನ ಮನೆಮನೆಯಿಂದ ಬಾಳೆಲೆಯಲ್ಲಿ ಸುತ್ತಿ ಕೆಂಡದಲ್ಲಿ ಸುಟ್ಟ ಅಂಟಕ್ಕಿ ಕಡುಬು ಅವಳಿಗೆ ಬರುತ್ತಿತ್ತು, ಅದೇ ಕರೆ. ಬೆಳಿಗ್ಗೆ ಅವಳು ಕುಕ್ಕೆ ಸೊಂಟಕ್ಕೇರಿಸಿ ಒಂದು ಹೊಲದಿಂದ ಇನ್ನೊಂದಕ್ಕೆ ಹೋಗಿ ಮೊದಲ ಸಾಲು ಹಾಕುತ್ತಿದ್ದಳು, ನಾನು ಅವಳ ಹಿಂದೆಯೇ ಕಾಲಿನಿಂದ ಮಣ್ಣೆಳೆದು ಕಾಳು ಮುಚ್ಚುತ್ತಿದ್ದೆ. ಆಮೇಲೆ ಉಳಿದವರು ಇಳಿಯುತ್ತಿದ್ದರು.

ಅವಳಿಗೆ ಮಕ್ಕಳಾಗಲಿಲ್ಲ. ಬೇರೆ ಹೆಂಗಸಾಗಿದ್ದರೆ ಊರು ಸುಮ್ಮನಿರುತ್ತಿತ್ತೇ? ಹರಿದು ತಿನ್ನುತ್ತಿತ್ತು. ತಾಕಿಯಾಳ ಬಗ್ಗೆ ಯಾರೂ ತುಟಿ ಬಿಚ್ಚಲಿಲ್ಲ. ಊರಿನ ಒಂದೊಂದು ಮಗುವಿನ ಹೊಟ್ಟೆಗೆ ಹೋದದ್ದೂ ಅವಳ ಕೈ ಮುಟ್ಟಿದ ಜೋಳ. ಒಮ್ಮೆ ಅವಳೇ ನನ್ನೊಡನೆ ಅಂದಿದ್ದಳು, "ಸೆಪಾ, ಹೊಟ್ಟೆ ತುಂಬ್ಲಿಲ್ಲ, ಬಾಯಾದ್ರೂ ತುಂಬಿದೆ. ಅಷ್ಟೇ ನನ್ ಆಸ್ತಿ." ನಕ್ಕುಕೊಂಡೇ ಅಂದಳು.

ಒಂದು ವರ್ಷ ದೊಡ್ಡ ನೆರೆ ಬಂತು. ಹೊಳೆ ಇಳಿದು ನಾವೆಲ್ಲ ಚರ್ಚಿನಿಂದ ಮನೆಗೆ ಬಂದು ಕೆಸರು ಬಳಿಯುತ್ತಿದ್ದೆವು. ತಾಕಿಯಾ ಮುಖಕ್ಕೆ ಬಟ್ಟೆ ಸುತ್ತಿಕೊಂಡು ಓಡಾಡತೊಡಗಿದಳು. ಹೊಲದಲ್ಲಿ ಬಿಸಿಲಿಗೆ ನಾವೆಲ್ಲ ಹಾಗೆ ಸುತ್ತಿಕೊಳ್ಳುವವರೇ, ಕಣ್ಣು ಮಾತ್ರ ಹೊರಗೆ. ಆದರೆ ಇವಳು ಮನೆಯೊಳಗೂ ಬಿಚ್ಚಲೊಲ್ಲಳು. ಊಟ ಒಬ್ಬಳೇ, ಅದೂ ಗೋಡೆಯ ಕಡೆ ಮುಖ ಮಾಡಿ. ನಗುವೇ ಇಲ್ಲ.

"ಏನ್ ಮನಾಂಗ್, ಮದುವೆ ಹೆಣ್ಣಿನ ತರ ಮುಸುಕು?" ಅಂದೆ.

"ಬಿಸ್ಲು ಕಣೇ."

"ಅಡುಗೆಮನೇಲಿ ಯಾವ ಬಿಸ್ಲು?"

"ನಿನಗ್ಯಾಕೆ ಊರ ಉಸಾಬರಿ? ಹೋಗ್ ನಿನ್ ಒಲೆ ನೋಡು."

ನನಗೆ ಮೈಯೆಲ್ಲ ಉರಿದುಹೋಯಿತು. ಹೋದೆ, ನನ್ನ ಒಲೆಯನ್ನೇ ನೋಡಿದೆ, ಮೂರು ದಿನ ಮಾತು ಬಿಟ್ಟೆ. ಊರಿನ ಹೆಂಗಸರೂ ಗೊಣಗಿದರು. ಕಡುಬು ತಂದುಕೊಟ್ಟರೆ ಬಾಗಿಲ ಸಂದಿಯಿಂದ ಕೈ ಮಾತ್ರ ಹೊರಗೆ ಬರುತ್ತಿತ್ತು. "ಊರೆಲ್ಲ ಮೊದ್ಲು ಇವಳನ್ನೇ ಕರೆಯುತ್ತೆ ನೋಡು, ಬಿಂಕ ಬಂದಿದೆ," ಅಂದಳು ಡೆಲ್ಫಿನಾ. ಮೆಲಿತೋನನನ್ನು ಕೇಳೋಣವೆಂದರೆ ಅವನು ಬಾಯಿ ಬಿಟ್ಟರೆ ಮುತ್ತು ಉದುರೀತು ಅನ್ನುವ ಜಾತಿ. ಜಗಲಿಯಲ್ಲಿ ಕೂತು ಚಾಕುವಿನಲ್ಲಿ ಏನೋ ಸಣ್ಣದನ್ನು ಕೆತ್ತುತ್ತಿದ್ದ, ನಾನು ಹತ್ತಿರ ಹೋದರೆ ಅಂಗೈ ಮುಚ್ಚುತ್ತಿದ್ದ.

ಬಿತ್ತನೆಯ ಬೆಳಿಗ್ಗೆ ಅವಳು ಮುಸುಕಿಲ್ಲದೆ ಬಂದಳು. ಹೊಲದ ಮೂಲೆಯಲ್ಲಿ, ನೆಲ ಕಾಯುವ ಕಾಣದವರಿಗೆ ಒಂದು ತಟ್ಟೆ ಅಂಟಕ್ಕಿ ಅನ್ನ, ಮೊಟ್ಟೆ, ಒಂದು ಲೋಟ ಕಬ್ಬಿನ ಹೆಂಡ ಇಟ್ಟು ಕೈಮುಗಿದಳು. ಮಣ್ಣಿನ ಕಡೆ ಬಗ್ಗಿ ನಕ್ಕಳು. ಹಲ್ಲೇನೋ ಕಂಡವು. ಆದರೆ ನಗು ಅವಳದಲ್ಲ. ತುಟಿಯನ್ನು ಯಾರೋ ಹಿಡಿದು ಎಳೆದಂತಿತ್ತು. ನಮ್ಮ ಹೊಲ ಮುಗಿಯಿತು. ಡೆಲ್ಫಿನಾಳ ಹೊಲಕ್ಕೆ ಹೋದೆವು. ಅಲ್ಲಿ ಡೆಲ್ಫಿನಾಳ ಗಂಡ ಬಾಸ್ತಿಯಾನ್ ನಮಗೆ ದಾರಿ ಬಿಡುತ್ತೇನೆಂದು ಹಿಂದೆ ಸರಿದವನು ಜಾರಿ, ಕೋಣದ ಬಾಲ ಹಿಡಿದು, ಕೋಣ ಮುಂದೆ ಓಡಿ, ಅವನು ಕೆಸರಿನಲ್ಲಿ ಹೊಟ್ಟೆಯ ಮೇಲೆ ಬಿದ್ದು ಅರ್ಧ ಹೊಲ ಜಾರಿಕೊಂಡು ಹೋದ. ಯಾರಿಗೆ ನಗು ತಡೆಯುತ್ತದೆ? ತಾಕಿಯಾ ಹಳೆಯ ತಾಕಿಯಾಳಂತೆ ಬಾಯಿ ತೆರೆದು ಹಹ್ಹಾ ಎಂದಳು. ಅವಳ ಬಾಯಿಂದ ಬೆಳ್ಳಗಿನದೊಂದು ಚೂರು ಮಣ್ಣಿಗೆ ಬಿತ್ತು, ಇನ್ನೊಂದು ತುಟಿಗೆ ಅಂಟಿಕೊಂಡು ನಿಂತಿತು.

ಜೋಳದ ಕಾಳು. ಒಳ್ಳೆಯ ದಪ್ಪ ಬಿಳಿ ಕಾಳು, ಚಾಕುವಿನಲ್ಲಿ ತೀಡಿ, ಅಂಟಕ್ಕಿ ಅನ್ನದಲ್ಲಿ ಅಂಟಿಸಿದ್ದು. ಮುಂದಿನ ಎರಡು ಹಲ್ಲು ಇದ್ದ ಜಾಗದಲ್ಲಿ ಕಪ್ಪು ಕಿಂಡಿ. ನೆರೆಯ ಕೆಸರಿನಲ್ಲಿ ಹೂತ ಕೋಣವನ್ನು ಮೂಗುದಾರ ಹಿಡಿದು ಎಳೆಯುವಾಗ ಅದು ತಲೆ ಕೊಡವಿ ಕೊಂಬು ಬಾಯಿಗೆ ಬಡಿದಿತ್ತೆಂದು ಆಮೇಲೆ ಗೊತ್ತಾಯಿತು. ಆ ಕ್ಷಣ ನನಗೆ ಕಂಡದ್ದು ಅವಳ ಕಣ್ಣು ಮಾತ್ರ. ಬಲೆಗೆ ಬಿದ್ದ ಪ್ರಾಣಿಯ ಕಣ್ಣು. ನಾನು ಏನೂ ಯೋಚಿಸಲಿಲ್ಲ. ಬಿದ್ದ ಕಾಳಿನ ಮೇಲೆ ಕಾಲಿಟ್ಟು, ಉಳಿದ ಬೀಜದ ಹಾಗೆ ಅದನ್ನೂ ಮಣ್ಣೆಳೆದು ಮುಚ್ಚಿ, "ನಡಿ ಮನಾಂಗ್, ಹೊತ್ತಾಯ್ತು," ಅಂದೆ. ಅವಳು ತುಟಿ ಬಿಗಿದುಕೊಂಡು ನಡೆದಳು. ಸಂಜೆಯವರೆಗೆ ಎಲ್ಲ ಹೊಲಗಳಲ್ಲೂ ಮೊದಲ ಸಾಲು ಹಾಕಿದಳು, ಒಂದು ಕಡೆಯೂ ಮತ್ತೆ ಬಾಯಿ ತೆರೆಯಲಿಲ್ಲ. ಆ ವಿಷಯ ನಾನೂ ಎತ್ತಲಿಲ್ಲ, ಅವಳೂ ಎತ್ತಲಿಲ್ಲ.

ಮುಂದಿನ ತಿಂಗಳುಗಳು ಅವಳಿಗೆ ಹೇಗೆ ಕಳೆದವೋ ದೇವರಿಗೇ ಗೊತ್ತು. ದಿನಾ ಹೊಲಕ್ಕೆ ಹೋಗಿ ಎಳೆಯ ತೆನೆಗಳ ಮುಸುಕನ್ನು ಹೊರಗಿನಿಂದ ಹಿಸುಕಿ ನೋಡುತ್ತಿದ್ದಳು. ನಾನೂ ಕದ್ದು ಹಿಸುಕಿ ನೋಡಿದೆ, ಸುಳ್ಳೇಕೆ ಹೇಳಲಿ. ಊರಿನ ವರ್ಷದ ಕೂಳು ಅದು. ಕಾಯಿಪಲ್ಲೆ ಇದ್ದೀತು, ಹೊಳೆಯಲ್ಲಿ ಮೀನು ಸಿಕ್ಕೀತು, ಜೋಳ ಬೊಕ್ಕಾದರೆ ಮಳೆಗಾಲಕ್ಕೆ ಏನು ತಿನ್ನುವುದು?

ಮಾರ್ಚಿನಲ್ಲಿ ಕೊಯ್ದೆವು. ಅಂಗಳದಲ್ಲಿ ರಾಶಿ ಹಾಕಿ ಎಲ್ಲರೂ ಸುತ್ತ ಕೂತು ಮುಸುಕು ಸುಲಿದೆವು. ಮೊದಲ ತೆನೆ ಸುಲಿದದ್ದು ಅಪೋ ಗೊರ್ಯೋ. ಬುಡದಿಂದ ತುದಿಯವರೆಗೆ ಒಂದು ಕಾಳಿನ ಸಂದಿಲ್ಲ. ಎರಡನೆಯದೂ ಹಾಗೇ. ಆ ವರ್ಷದಂಥ ಜೋಳ ನಾನು ಹಿಂದೆಯೂ ಕಂಡಿರಲಿಲ್ಲ, ಮುಂದೆಯೂ ಕಾಣಲಿಲ್ಲ. ನೆರೆ ದೊಡ್ಡದಾಗಿತ್ತಲ್ಲ, ಮೆಕ್ಕಲೂ ದಪ್ಪ ಬಿದ್ದಿತ್ತು. "ತಾಕಿಯಾ ಕೈಗುಣ!" ಎಂದು ಎಲ್ಲರೂ ಕೂಗಿದರು. ನನಗೆ ಎದೆ ಹಗುರವಾಗಿ ಅವಳನ್ನು ಹುಡುಕಿದೆ. ಅಂಗಳದಲ್ಲಿರಲಿಲ್ಲ. ಮನೆಯ ಹಿಂದೆ ಬಾಳೆಬುಡದಲ್ಲಿ ಕೂತು, ಬಟ್ಟೆಯನ್ನು ಬಾಯಿಗೆ ತುರುಕಿಕೊಂಡು ಬಿಕ್ಕಿ ಬಿಕ್ಕಿ ಅಳುತ್ತಿದ್ದಳು.

"ಅಯ್ಯೋ, ಏನಾಯ್ತೇ? ಬಂಗಾರದಂಥ ಬೆಳೆ ಬಂದಿದೆ, ಅಳ್ತೀಯಲ್ಲ!"

"ಬರ್ದೇ ಇದ್ದಿದ್ರೇ ಚೆನ್ನಾಗಿತ್ತು ಕಣೇ."

"ಬಾಯಿ ತೊಳ್ಕೋ. ಅನ್ನಬಾರದ ಮಾತು."

"ಹಲ್ಲಿಲ್ದೇನೂ ತುಂಬ್ತು ಅಂದ್ರೆ," ಅಂದಳು, ಮುಸುಕು ಕಿತ್ತು ಕಿಂಡಿ ತೋರಿಸುತ್ತ, "ಇಷ್ಟ್ ವರ್ಷ ನಾನ್ ಯಾತಕ್ ಬೇಕಾಗಿದ್ದೆ? ಯಾರ್ ಬಿತ್ತಿದ್ರೂ ತುಂಬ್ತಿತ್ತು. ಹೊಳೆ ತುಂಬ್ಸ್ತಿತ್ತು. ನಾನು ಸುಮ್ನೆ ನನ್ನಿಂದ್ಲೇ ಅಂತ ಮೆರೆದೆ."

ನಾನು ಅವಳ ಪಕ್ಕದಲ್ಲಿ ಕೂತೆ.

ಮುಂದಿನ ಅಕ್ಟೋಬರಿಗೆ ಹೊಳೆ ಮತ್ತೆ ಬಂತು, ಮತ್ತೆ ಹೋಯಿತು. ಸತ್ತವರ ದಿನ ಮುಗಿಯಿತು, ಮಣ್ಣು ಹದಕ್ಕೆ ಬಂತು. ಹೆಂಗಸರು ಕಡುಬು ಹಿಡಿದು ಅವಳ ಅಂಗಳಕ್ಕೆ ಬಂದರು. ಈ ಸಲ ತಾಕಿಯಾ ಬಾಗಿಲು ಪೂರ್ತಿ ತೆರೆದು, ಮೆಟ್ಟಿಲ ಮೇಲೆ ನಿಂತು, ಮುಖದ ಬಟ್ಟೆ ಎಳೆದು ಹಾಕಿದಳು.

"ನೋಡ್ಕೊಳ್ರೇ ಎಲ್ಲಾರೂ. ಹೋದ ಸಲ ಕಾಳು ಅಂಟಿಸ್ಕೊಂಡು ಬಂದಿದ್ದೆ. ಮೋಸ ಮಾಡ್ದೆ. ಆದ್ರೂ ಬೆಳೆ ಬಂತು. ನನ್ನ ಹಲ್ಲೂ ಬೇಡ, ನಾನೂ ಬೇಡ ಜೋಳಕ್ಕೆ. ಕಡುಬು ತಗೊಂಡ್ ಹೋಗಿ ನಿಮ್ಮ ಮಕ್ಕಳಿಗೆ ಕೊಡಿ."

ಯಾರೂ ಬೆಚ್ಚಿಬೀಳಲಿಲ್ಲ. ಡೆಲ್ಫಿನಾ, "ಗೊತ್ತಿತ್ತು ಬಿಡು," ಅಂದಳು.

"ಏನ್ ಗೊತ್ತಿತ್ತು?"

"ನಮ್ಮ ಹೊಲದಲ್ಲೇ ಅಲ್ವಾ ಉದುರಿದ್ದು? ಸೆಪಾ ಕಾಲಲ್ಲಿ ಮುಚ್ಚಿದ್ಲು. ನಾವೆಲ್ಲ ಬದು ಮೇಲೇ ನಿಂತಿದ್ವಿ ಮಾರಾಯ್ತಿ, ಕುರುಡ್ರಾ ನಾವು?"

ಡೆಲ್ಫಿನಾ ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ಆದರೆ ತಾಕಿಯಾಳ ಮುಖ ಸುಟ್ಟ ಬದನೆಕಾಯಿಯಂತಾಯಿತು. "ಗೊತ್ತಿದ್ದೂ ಸುಮ್ನಿದ್ರಾ? ಪಾಪ, ಮಕ್ಕಳಿಲ್ದೋಳು, ಇದೊಂದಾದ್ರೂ ಇರ್ಲಿ ಅಂತ ಬಿಟ್ರಾ?" ಎಂದಳು. "ನನಗ್ ಬೇಡ ನಿಮ್ಮ ಕನಿಕರ." ಬಾಗಿಲು ಹಾಕಿಕೊಂಡಳು. ಕಡುಬುಗಳು ಮೆಟ್ಟಿಲ ಮೇಲೆ ಉಳಿದವು, ಕೋಳಿಗಳು ಬಂದು ಬಾಳೆಲೆ ಕುಕ್ಕಿದವು.

ಮರುದಿನ ಬೆಳಿಗ್ಗೆ ನಾವು ಹೊಲಕ್ಕೆ ಹೋದೆವು. ಮೆಲಿತೋನ್ ಮೊದಲ ಸಾಲು ಗೀರಿ ಕೋಣವನ್ನು ನಿಲ್ಲಿಸಿದ. ನಾನು ಕುಕ್ಕೆಯಲ್ಲಿ ಕೈ ಹಾಕಿದೆ. ಕಾಳು ಬೆರಳಲ್ಲಿ ಬಂತು, ಕೈ ಮಾತ್ರ ಕೆಳಗಿಳಿಯಲಿಲ್ಲ. ಪಕ್ಕದ ಹೊಲದಲ್ಲಿ ಡೆಲ್ಫಿನಾ ನಿಂತಿದ್ದಳು. "ನೀನ್ ಶುರು ಮಾಡೇ ಸೆಪಾ," ಎಂದು ಕೂಗಿದಳು. "ನೀನೇ ಮಾಡು," ಅಂದೆ. "ನಿನ್ ಮಗಳ ಹಲ್ಲು ಚೆನ್ನಾಗಿದೆಯಲ್ಲ, ಅವಳು ಹಾಕ್ಲಿ." ಅವಳ ಮಗಳು ತಲೆ ಅಲ್ಲಾಡಿಸಿ ಬದುವಿನ ಮೇಲೆ ಕೂತುಬಿಟ್ಟಳು. ನೋಡುತ್ತೇನೆ, ಬಯಲಿನುದ್ದಕ್ಕೂ ಹಾಗೇ. ಗೀರಿದ ಸಾಲು, ನಿಂತ ಕೋಣ, ಕುಕ್ಕೆ ಹಿಡಿದು ಕೂತ ಹೆಂಗಸರು. ಯಾರೂ ಕೂಡಿ ಮಾತಾಡಿಕೊಂಡದ್ದಲ್ಲ, ಹಾಗೆಂದು ಸೇಂಟ್ ಮೇರಿಯ ಮೇಲೆ ಆಣೆ ಇಡುತ್ತೇನೆ. ಬಾಸ್ತಿಯಾನ್ ಅರಚಿದ, "ಹದ ಹೋಗ್ತಿದೆ, ನಿಮಗೇನ್ ತಲೆ ಕೆಟ್ಟಿದೆಯಾ?" ಡೆಲ್ಫಿನಾ, "ಹಾಗಾದ್ರೆ ನೀನೇ ಹಾಕು ಬಾ," ಅಂದಳು. ಅವನು ಕುಕ್ಕೆ ತೆಗೆದುಕೊಂಡ, ಸ್ವಲ್ಪ ಹೊತ್ತು ಹಿಡಿದುಕೊಂಡಿದ್ದ, ವಾಪಸು ಇಟ್ಟ. ಆ ದಿನ ಹಾಗೇ ಹೋಯಿತು.

ಎರಡನೆಯ ದಿನ ಬಿಸಿಲು ಜೋರಾಗಿತ್ತು. ಮಣ್ಣಿನ ಮೇಲ್ಪದರ ಬಿಳಿಚಿ ಬಿರುಕು ಬಿಡುತ್ತಿತ್ತು. ಮಧ್ಯಾಹ್ನ ನಾನು ನೀರಿಗೆಂದು ಮನೆಗೆ ಬಂದೆ. ಬಾಗಿಲ ಸಂದಿಯಿಂದ ದನಿ ಬಂತು.

"ಸೆಪಾ, ಬಿತ್ತನೆ ಎಲ್ಲೀತನಕ ಬಂತು? ಮೊದಲ ಸಾಲು ಯಾರ್ ಹಾಕಿದ್ರು?"

"ಕಾಲಿಲ್ವಾ ನಿನಗೆ? ಹೋಗ್ ನೋಡು," ಎಂದು ಬಿಂದಿಗೆ ಎತ್ತಿಕೊಂಡು ಹೊರಟುಬಿಟ್ಟೆ. ನನಗೂ ರೋಸಿಹೋಗಿತ್ತು.

ನಾನು ಹೊಲ ಮುಟ್ಟುವಷ್ಟರಲ್ಲಿ ಅವಳು ಹಿಂದೆಯೇ ಬಂದಳು, ಬರಿಗಾಲಲ್ಲಿ, ಮುಖಕ್ಕೆ ಬಟ್ಟೆಯೂ ಇಲ್ಲ. ಬದುವಿನ ಮೇಲೆ ನಿಂತು ಬಯಲನ್ನು ಆ ತುದಿಯಿಂದ ಈ ತುದಿಗೆ ನೋಡಿದಳು. ಕಾಳು ಹಾಕಿದವರ ಒಂದು ಹೆಜ್ಜೆ ಗುರುತೂ ಇಲ್ಲದ ಸಾಲುಗಳು. ಹೆಂಗಸರು ಎದ್ದು ನಿಂತರು. ಎಲ್ಲರಿಗಿಂತ ಮುಂದೆ, ಬದುವಿನ ಮೇಲೆಯೇ, ಕಾಲು ಚಾಚಿ ಕೂತಿದ್ದವನು ಅಪೋ ಗೊರ್ಯೋ.

"ಮಾವ, ನೀವ್ಯಾಕೆ ಇಲ್ಲಿ? ಬಿತ್ತನೆ ದಿನ!"

"ನಿನ್ನೆಯಿಂದ ಇಲ್ಲೇ ಇದೀನಿ. ಯಾರೂ ಓಡಿಸ್ಲಿಲ್ಲ," ಅಂದ ಮುದುಕ. ಬೊಚ್ಚು ಬಾಯಿ ಅಗಲಿಸಿದ. "ಹಲ್ಲೇ ಬೇಕಾಗಿದ್ರೆ ಅಲ್ಲಿ ನೋಡು, ಹಲ್ಲಿರೋ ಹುಡುಗೀರು ಸಾಲಾಗಿ ನಿಂತಿದಾರೆ. ಯಾವಳ ಕೈಯೂ ಏಳ್ತಿಲ್ಲ. ಕನಿಕರಕ್ಕೆ ಯಾರಾದ್ರೂ ಮಕ್ಕಳ ಅನ್ನ ಒಣಗಿಸ್ತಾರೇನೇ, ಮಳ್ಳಿ?"

ತಾಕಿಯಾ ಬಗ್ಗಿ ಒಂದು ಹೆಂಟೆ ತೆಗೆದು ಹಿಸುಕಿದಳು. ಪುಡಿಯಾಯಿತು. ಅವಳ ಕಣ್ಣು ಕೆಂಪಗಾಯಿತು, ನಾನು ಅಳು ಬಂತು ಅಂದುಕೊಂಡೆ. ಬಂದದ್ದು ಬೈಗುಳ.

"ಬುದ್ಧಿ ಇದೆಯೇನ್ರೇ ನಿಮಗೆ? ಎರಡ್ ದಿನ! ಹದ ಆರಿಹೋಗಿದೆ, ಇನ್ನೊಂದ್ ಬಿಸ್ಲು ಬಿದ್ರೆ ಕಲ್ಲು ಇದು, ಕಲ್ಲು! ಏನ್ ತಿಂತೀರಿ, ನನ್ ತಲೇನಾ?" ನನ್ನ ಕೈಯಿಂದ ಕುಕ್ಕೆ ಕಿತ್ತುಕೊಂಡಳು. ಮೂಲೆಗೆ ಅನ್ನ ಇಡಲಿಲ್ಲ, ಕೈಮುಗಿಯಲಿಲ್ಲ, ಮಣ್ಣಿಗೆ ನಗು ತೋರಿಸಲಿಲ್ಲ. ಸಾಲಿಗೆ ಇಳಿದು ಕಾಳು ಹಾಕುತ್ತ ಹೊರಟಳು, ಒಂದು ಹೆಜ್ಜೆಗೊಂದು ಬೈಗುಳ, ನನಗೆ, ಡೆಲ್ಫಿನಾಳಿಗೆ, ಬಾಸ್ತಿಯಾನನಿಗೆ, ಅವನ ಕೋಣಕ್ಕೆ. ಆಳವಾಗಿ ಹಾಕಿ, ಮೇಲೆ ಹಸಿ ಇಲ್ಲ, ಬೆರಳು ಒಳಗೆ ಹೋಗ್ಲಿ ಎಂದು ಎಲ್ಲರಿಗೂ ಕೂಗಿ ಹೇಳುತ್ತಿದ್ದಳು. ನಾನು ಹಿಂದೆಯೇ ಮಣ್ಣೆಳೆಯುತ್ತ ಹೋದೆ. ಆ ಹೊಲ ಮುಗಿಸಿ ಡೆಲ್ಫಿನಾಳ ಹೊಲಕ್ಕೆ ದಾಟಿದೆವು. ನಾವು ಬಿಟ್ಟು ಬಂದ ಹೊಲದಲ್ಲಿ ಜನ ಇಳಿದ ಸದ್ದು ಕೇಳಿಸಿತು.

ಡೆಲ್ಫಿನಾಳ ಸಾಲಿನ ನಡುವೆ ತಾಕಿಯಾ ಉಸಿರು ತೆಗೆದುಕೊಳ್ಳಲು ನಿಂತಳು. ಬೆವರು ಒರೆಸಿಕೊಂಡು, ಇನ್ನೂ ಸಿಟ್ಟಿನಲ್ಲೇ, "ನಾಳೆ ನಾನ್ ಸತ್ತೋದ್ರೆ ಏನ್ ಮಾಡ್ತೀರೇ?" ಅಂದಳು.

"ಉಪವಾಸ ಬೀಳ್ತೀವಿ," ಅಂದಳು ಡೆಲ್ಫಿನಾ. "ನಡಿ ಮುಂದೆ."

ತಾಕಿಯಾ ಅವಳ ಮುಖವನ್ನೇ ನೋಡಿದಳು. ಆಮೇಲೆ ನಕ್ಕಳು. ಬಾಯಿಗೆ ಕೈ ಅಡ್ಡ ಹಿಡಿಯಲಿಲ್ಲ.